ಫಸ್ಟ್ ಪೀಸಿಗೆ ಇಟ್ಟ ಕುಂಕುಮ

ಯುದ್ಧವಿಮಾನವನ್ನು ನಾನು ಹತ್ತಿರದಿಂದ ನೋಡಿದವಳಲ್ಲ. ಹೊಲದಲ್ಲಿ ಕಳೆ ಕೀಳುವಾಗ ತಲೆಯ ಮೇಲೆ ಸದ್ದು ಹರಿದುಹೋಗುತ್ತದೆ, ಕತ್ತೆತ್ತುವಷ್ಟರಲ್ಲಿ ಬರೀ ಸದ್ದು ಉಳಿದಿರುತ್ತದೆ. ಆದರೆ ಅದರ ಹೊಟ್ಟೆಯೊಳಗೆ ಕೂರುವ ಒಂದು ಅಲ್ಯೂಮಿನಿಯಂ ಡಬ್ಬ ನನಗೆ ಗೊತ್ತು. ಅದರ ಒಂದೊಂದು ಪದರವೂ ಗೊತ್ತು. ಆ ಡಬ್ಬ ಸೋರಿದ್ದು ನನ್ನ ಕೈಗುಣದಿಂದ ಎಂದು ಹೊಸೂರಿನ ಒಂದು ಇಡೀ ಕಾರ್ಖಾನೆ ಮೂರು ವಾರ ನಂಬಿತ್ತು. ಆ ಮೂರು ವಾರಗಳ ಸಿಟ್ಟು ನನಗಿನ್ನೂ ಇಳಿದಿಲ್ಲ. ಇಳಿಯುವುದೂ ಬೇಡ, ಅದಕ್ಕೇ ಬರೆದಿಡುತ್ತಿದ್ದೇನೆ.

ನಮ್ಮ ಮನೆ ಗುಮ್ಮಳಾಪುರದಲ್ಲಿ. ರಾಗಿ, ಅವರೆ, ಒಂದಿಷ್ಟು ಚೆಂಡುಹೂವು. ಹೊಲವನ್ನು ಅಣ್ಣ ನೋಡಿಕೊಳ್ಳುತ್ತಾನೆ, ನಾನು ಕಂಪನಿ ಬಸ್ಸು ಹತ್ತುತ್ತೇನೆ. ನನ್ನನ್ನು ಕೊಟ್ಟಿದ್ದು ಕೃಷ್ಣಗಿರಿಯ ಕಡೆಗೆ, ಮಾವಿನ ಮಂಡಿಯವರ ಮನೆಗೆ. ಆರು ವರ್ಷ ಬಾಳಿ ಬಿಟ್ಟು ಬಂದೆ. ಅವನು ನನ್ನನ್ನು ಬಿಟ್ಟದ್ದಲ್ಲ, ನಾನು ಅವನನ್ನು ಬಿಟ್ಟದ್ದು. ಈ ವ್ಯತ್ಯಾಸ ಊರಿಗೆ ಬೇಕಾಗಿಲ್ಲ, ನನಗೆ ಬೇಕು. ತಾಳಿಯನ್ನು ಅವನ ಮನೆಯ ದೇವರ ಗೂಡಿನಲ್ಲೇ ಇಟ್ಟು ಬಂದೆ. ಹಣೆಯ ಕುಂಕುಮವನ್ನು ಮಾತ್ರ ಬಿಡಲಿಲ್ಲ. ಅದು ಅವನು ತಂದುಕೊಟ್ಟದ್ದಲ್ಲ, ಚಿಕ್ಕಂದಿನಲ್ಲಿ ಅಮ್ಮ ಇಟ್ಟದ್ದು.

ಕಾರ್ಖಾನೆಗೆ ಸೇರುವ ಮೊದಲು ಗುಲಾಬಿಯ ಪಾಲಿಹೌಸಿನಲ್ಲಿದ್ದೆ. ಹೊರದೇಶಕ್ಕೆ ಹೋಗುವ ಹೂವು, ದಳಕ್ಕೆ ಬೆರಳು ತಾಗಿದರೆ ಸಂಜೆಯೊಳಗೆ ಕಪ್ಪು ಕಲೆ. ದಳ ಮುಟ್ಟದೆ ಹೂವು ಎತ್ತುವುದನ್ನು ಅಲ್ಲಿ ಕಲಿತೆ. ಕಾರ್ಖಾನೆಯವರು ಕೆಲಸಕ್ಕೆ ಪರೀಕ್ಷೆ ಮಾಡುವಾಗ ಕಾಗದದಷ್ಟು ತೆಳುವಾದ ಒಂದು ಅಲ್ಯೂಮಿನಿಯಂ ಹಾಳೆ ಕೊಟ್ಟು, ಅದನ್ನು ಮಡಿಸದೆ, ಗೀರದೆ ಈ ಮೇಜಿನಿಂದ ಆ ಮೇಜಿಗೆ ಒಯ್ಯಲು ಹೇಳಿದರು. ಐಟಿಐ ಓದಿದವರು ಇಬ್ಬರು ಹಾಳೆಯನ್ನು ಬಗ್ಗಿಸಿಬಿಟ್ಟರು. ನಾನು ಗುಲಾಬಿ ಎತ್ತಿದ ಹಾಗೆ ಎತ್ತಿದೆ, ಕೆಲಸ ಸಿಕ್ಕಿತು.

ಡಬ್ಬದ ಕೆಲಸ ಹೀಗೆ. ಒಂದು ಚಪ್ಪಟೆ ಹಾಳೆ, ಅದರ ಮೇಲೆ ಅಲೆಅಲೆಯಾಗಿ ಮಡಿಸಿದ ಇನ್ನೊಂದು ಹಾಳೆ, ಮತ್ತೆ ಚಪ್ಪಟೆ, ಮತ್ತೆ ಅಲೆ. ರಟ್ಟಿನ ಪೆಟ್ಟಿಗೆ ಹರಿದರೆ ನಡುವೆ ಕಾಣುವ ಕಾಗದದ ಹಾಗೆ. ಒಂದು ಪದರದಲ್ಲಿ ಬಿಸಿಗಾಳಿ ಉದ್ದಕ್ಕೆ ಹರಿಯಬೇಕು, ಮುಂದಿನದರಲ್ಲಿ ಹೊರಗಿನ ಗಾಳಿ ಅಡ್ಡಕ್ಕೆ. ಎರಡೂ ಒಂದನ್ನೊಂದು ಮುಟ್ಟಬಾರದು, ನಡುವಿನ ಹಾಳೆಯ ಮೂಲಕ ಬಿಸಿ ಮಾತ್ರ ದಾಟಬೇಕು. ಅಂಚುಗಳಿಗೆಲ್ಲ ಅಲ್ಯೂಮಿನಿಯಂ ಪಟ್ಟಿ ಕೊಟ್ಟು ಮುಚ್ಚುತ್ತೇವೆ. ಹೀಗೆ ಪೇರಿಸಿದ್ದನ್ನು ಬಿಗಿದು, ಗಾಳಿಯನ್ನೆಲ್ಲ ಹೀರಿ ತೆಗೆದ ಫರ್ನೇಸಿನಲ್ಲಿ ಕಾಯಿಸುತ್ತಾರೆ. ಹಾಳೆಗಳ ಮೈಗೆ ಬೆಸುಗೆಯ ಲೋಹದ ತೆಳು ಪದರ ಮೊದಲೇ ಅಂಟಿರುತ್ತದೆ. ಅದು ಕರಗಿ ನೂರಾರು ಕಡೆ ಒಂದೇ ಸಲಕ್ಕೆ ಬೆಸೆದುಕೊಳ್ಳುತ್ತದೆ. ಬೆರಳಿನ ಜಿಡ್ಡು ಸೋಕಿದ ಜಾಗದಲ್ಲಿ ಮಾತ್ರ ಬೆಸುಗೆ ಹಿಡಿಯುವುದಿಲ್ಲ. ಆದ್ದರಿಂದ ಗಾಜಿನ ಕೋಣೆ, ಬಿಳಿ ಗೌನು, ಗ್ಲೌಸು, ತಲೆಗೆ ಟೋಪಿ. ಒಳಗೆ ಹೋಗುವಾಗ ನನ್ನ ಹಣೆಯ ಕುಂಕುಮವನ್ನೂ ಒರೆಸಿಕೊಂಡೇ ಹೋಗುತ್ತೇನೆ. ಅದು ಒಂದು ದಿನವೂ ನನಗೆ ಅವಮಾನ ಅನಿಸಿದ್ದಿಲ್ಲ.

ಇದೆಲ್ಲ ಯಾತಕ್ಕೆ ಎಂದು ನಮಗೆ ಹೇಳಿಕೊಟ್ಟವರು ಡಿಸೈನ್ ಸಾರ್. ವಿಮಾನದ ಮೈಯ ನಕ್ಷೆ ಬರೆಯುವುದರಲ್ಲೇ ಆಯುಸ್ಸು ಕಳೆದು ನಿವೃತ್ತರಾಗಿ, ವಾರಕ್ಕೆ ಮೂರು ದಿನ ನಮ್ಮಲ್ಲಿಗೆ ಬರುತ್ತಿದ್ದವರು. ತಮಿಳಿನಲ್ಲಿ ಶುರು ಮಾಡಿ ಕನ್ನಡದಲ್ಲಿ ಮುಗಿಸುವ ಮನುಷ್ಯ.

"ಮೇಲೆ ತಣ್ಣಗಿರ್ತದೆ, ಅಲ್ಲಿ ತಣ್ಣಗೆ ಮಾಡೋಕೆ ಏನಿದೆ ಅಂತ ತಾನೇ ಕೇಳ್ತೀರ?" ಎಂದು ಅವರೇ ಕೇಳಿ ಅವರೇ ಉತ್ತರ ಕೊಟ್ಟರು. ಅಷ್ಟು ವೇಗದಲ್ಲಿ ಹೋದರೆ ಎದುರಿನ ಗಾಳಿಯೇ ಮೈಯನ್ನು ಕಾಯಿಸುತ್ತದಂತೆ. ಒಳಗೆ ರಾಡಾರು, ಕಂಪ್ಯೂಟರುಗಳು ಬೇರೆ ಕುದಿಯುತ್ತಿರುತ್ತವೆ. ಹಳೆಯ ವಿಮಾನಗಳಾದರೆ ಮೈಗೆ ಎಲ್ಲಿ ಬೇಕಾದರಲ್ಲಿ ಗಾಳಿಯ ಬಾಯಿ ತೆಗೆಯಬಹುದಿತ್ತು. ಈಗಿನವು ಶತ್ರುವಿನ ರಾಡಾರಿಗೆ ಕಾಣಬಾರದು. ಒಂದೊಂದು ತೂತೂ, ಒಂದೊಂದು ಅಂಚೂ ಚಾಡಿ ಹೇಳುತ್ತದೆ. ಆದ್ದರಿಂದ ಮೈಯನ್ನು ನುಣ್ಣಗೆ ಮುಚ್ಚಿಬಿಡುತ್ತಾರೆ, ಬಿಸಿ ಒಳಗೇ ಸಿಕ್ಕಿಬೀಳುತ್ತದೆ. ಕೊನೆಗೆ ಇಂಜಿನ್ನಿಗೆ ಹೋಗುವ ಇಂಧನದ ತಲೆಗೂ ಒಂದಿಷ್ಟು ಬಿಸಿ ಕಟ್ಟುತ್ತಾರಂತೆ, ಹೇಗೂ ಉರಿದುಹೋಗುತ್ತದಲ್ಲ ಎಂದು. ಉಳಿದದ್ದು ನಮ್ಮ ಡಬ್ಬದ ಪಾಲು.

ಡಬ್ಬ ಚೌಕವಾಗಿದ್ದರೆ ಯಾರು ಬೇಕಾದರೂ ಪೇರಿಸಬಹುದಿತ್ತು. ವಿಮಾನದ ಹೊಟ್ಟೆ ಆ ಜಾಗದಲ್ಲಿ ಬಾಗಿದೆ, ಆದ್ದರಿಂದ ನಮ್ಮ ಡಬ್ಬದ ಒಂದು ಮೂಲೆ ಓರೆಯಾಗಿ ಕತ್ತರಿಸಿದೆ. "ಡಬ್ಬಕ್ಕೋಸ್ಕರ ವಿಮಾನ ಮೈ ಬಗ್ಸಲ್ಲ ಮಾ, ಡಬ್ಬಾನೇ ಮೂಲೆ ಕತ್ತರಿಸ್ಕೋಬೇಕು" ಎಂದರು ಸಾರ್. ಗಂಡನ ಮನೆಯಲ್ಲಿ ನನಗೂ ಇದನ್ನೇ ಹೇಳುತ್ತಿದ್ದರು ಎಂದು ನಾನಂದೆ. ಸಾರ್ ಗಟ್ಟಿಯಾಗಿ ನಕ್ಕರು. ಆ ಓರೆ ಮೂಲೆಯಲ್ಲಿ ಪ್ರತಿ ಪದರದ ಅಳತೆಯೂ ಬೇರೆ. ಒಂದು ಕೂದಲೆಳೆ ಸರಿದರೂ ಪಟ್ಟಿಯ ಪಕ್ಕದಲ್ಲಿ ಸಂದು ಉಳಿಯುತ್ತದೆ. ಆ ಮೂಲೆಯನ್ನು ನನಗೇ ಕೊಟ್ಟರು. ಪದರ ಇಟ್ಟವರು ದಾಖಲೆಯ ಕಾಗದದಲ್ಲಿ ಆ ಪದರದ ಎದುರು ತಮ್ಮ ನಂಬರು ಬರೆದು ಸಹಿ ಹಾಕಬೇಕು. ನನ್ನ ನಂಬರು ಹದಿನೇಳು. ಮೊದಲ ಡಬ್ಬದ ಕಾಗದದಲ್ಲಿ ಓರೆ ಮೂಲೆಯ ಸಾಲುಗಳ ಉದ್ದಕ್ಕೂ ಹದಿನೇಳು, ಹದಿನೇಳು, ಹದಿನೇಳು. ಅದನ್ನು ನೋಡಿದಾಗ ಆದ ಖುಷಿ ಮದುವೆಯ ದಿನವೂ ಆಗಿರಲಿಲ್ಲ.

ಇನ್ನು ಪೂಜೆಯ ವಿಷಯ. ಹೊಸೂರಿನಲ್ಲಿ ಹೊಸ ಮೆಷಿನ್ನು ಬಂದರೆ ಅದಕ್ಕೆ ಅರಿಶಿನ ಕುಂಕುಮ ಆಗದೆ ಸ್ವಿಚ್ಚು ಒತ್ತುವವರಿಲ್ಲ. ನಮ್ಮಲ್ಲಿ ಅದರ ಮೇಲೊಂದು ಪದ್ಧತಿ: ಯಾವ ಹೊಸ ಆರ್ಡರೇ ಆಗಲಿ, ಫಸ್ಟ್ ಪೀಸಿಗೆ ಕಾರ್ಖಾನೆಯ ಯಜಮಾನರ ತಾಯಿ ಬಂದು ತಮ್ಮ ಕೈಯಿಂದಲೇ ಕುಂಕುಮ ಇಡಬೇಕು. ನಾವೆಲ್ಲ ದೊಡ್ಡಮ್ಮೋರು ಅನ್ನುತ್ತಿದ್ದೆವು. ತಗಡಿನ ಶೆಡ್ಡಿನಲ್ಲಿ ಒಂದೇ ಲೇತ್ ಇದ್ದ ಕಾಲದಿಂದ, ಟ್ರಾಕ್ಟರಿನ ಪಿನ್ನಿನಿಂದ ಹಿಡಿದು ಬೈಕಿನ ಗೇರಿನವರೆಗೆ ಇಟ್ಟುಕೊಂಡು ಬಂದ ಕೈ. ಅವರು ಕುಂಕುಮ ಇಟ್ಟ ಪೀಸು ಒಂದೂ ವಾಪಸು ಬಂದಿಲ್ಲ ಎಂದು ಎಲ್ಲರೂ ಹೇಳುತ್ತಿದ್ದರು. ಉಕ್ಕಿನ ಪಿನ್ನು ಕುಂಕುಮಕ್ಕೆ ಏನು ಕ್ಯಾರೇ ಅನ್ನುತ್ತದೆ?

ಆ ದಿನ ಪೇರಿಸಿ ಬಿಗಿದ ಡಬ್ಬವನ್ನು ಟ್ರಾಲಿಯ ಮೇಲಿಟ್ಟು ಗಾಜಿನ ಕೋಣೆಯೊಳಗಿನ ಫರ್ನೇಸಿನ ಬಾಗಿಲಿಗೆ ತಂದಿದ್ದರು. ದೊಡ್ಡಮ್ಮೋರು ಗೌನು ಹಾಕದೆಯೇ ಒಳಗೆ ಬಂದರು, ಕೈಯಲ್ಲಿ ಹಿತ್ತಾಳೆಯ ತಟ್ಟೆ, ನೀರಿನಲ್ಲಿ ಕಲಸಿದ ಅರಿಶಿನ. ಸೂಪರ್ವೈಸರು ನನ್ನ ಹತ್ತಿರ ಬಂದು ದನಿ ತಗ್ಗಿಸಿದ.

"ನೀನು ಸ್ವಲ್ಪ ಆಚೆ ನಿಂತ್ಕೊಮ್ಮಾ. ಫಸ್ಟ್ ಪೀಸು. ಮುತ್ತೈದೇರು ಮಾತ್ರ ಇರ್ಲಿ ಅಂತ ದೊಡ್ಡಮ್ಮೋರು ಅಂದ್ರು."

ಓರೆ ಮೂಲೆಯ ಪದರಗಳನ್ನೆಲ್ಲ ಇಟ್ಟವಳು ನಾನು. ಮುತ್ತೈದೆಯರಿಗೆ ಆ ಮೂಲೆ ಪೇರಿಸಲು ಬಂದಿದ್ದರೆ ಅವರೇ ಇಡುತ್ತಿದ್ದರು. ಇದನ್ನು ಬಾಯಿಬಿಟ್ಟು ಹೇಳಬೇಕಿತ್ತು, ಹೇಳಲಿಲ್ಲ. ಹೊರಗೆ ಹೋಗಿ ಗಾಜಿನ ಆಚೆ ನಿಂತೆ. ದೊಡ್ಡಮ್ಮೋರು ಡಬ್ಬವನ್ನು ಒಂದು ಸಲ ಮೇಲಿಂದ ಕೆಳಗೆ ನೋಡಿದರು. ಕತ್ತರಿಸಿದ ಮೂಲೆ ಅವರ ಕಣ್ಣಿಗೆ ಹಣೆಯ ಹಾಗೆ ಕಂಡಿರಬೇಕು. ಅಲ್ಲೇ ಮೂರು ಬೆರಳಿನಿಂದ ಅರಿಶಿನ ಬಳಿದು, ನಡುವೆ ಕಾಸಗಲ ಕುಂಕುಮ ಇಟ್ಟರು. ಆರತಿ ಆದಮೇಲೆ ಸೂಪರ್ವೈಸರು ಸ್ಪಿರಿಟ್ಟಿನ ಬಟ್ಟೆಯಿಂದ ಎಲ್ಲವನ್ನೂ ಒರೆಸಿದ. ಫಳಫಳ ಹೊಳೆಯಿತು. ಒರೆಸಿದ್ದು ನೋಡಿ ನಾನೂ ಸುಮ್ಮನಾದೆ.

ಫರ್ನೇಸಿನಿಂದ ತೆಗೆದ ಡಬ್ಬದ ಬಾಯಿಗಳನ್ನು ಮುಚ್ಚಿ, ಒಳಗೆ ಗಾಳಿ ತುಂಬಿ, ನೀರಿನ ತೊಟ್ಟಿಯಲ್ಲಿ ಮುಳುಗಿಸುತ್ತಾರೆ. ಸೈಕಲ್ ಟ್ಯೂಬಿನ ಪಂಕ್ಚರ್ ನೋಡುವ ಹಾಗೇ, ತೊಟ್ಟಿ ಮಾತ್ರ ದುಬಾರಿಯದು. ಒಂದು ಗುಳ್ಳೆ ಬಂತು. ಮತ್ತೊಂದು. ಆಮೇಲೆ ಸಾಲಾಗಿ. ಓರೆ ಮೂಲೆಯಿಂದಲೇ. ಎಲ್ಲರೂ ದಾಖಲೆಯಲ್ಲಿ ನಂಬರು ನೋಡಿದರು, ಆಮೇಲೆ ನನ್ನ ಮುಖ ನೋಡಿದರು.

ಕೈ ತಪ್ಪಿತು ಎಂದು ಬೈದಿದ್ದರೆ ನನಗೆ ಅಷ್ಟು ಉರಿಯುತ್ತಿರಲಿಲ್ಲ. ಯಾರೂ ಬೈಯಲಿಲ್ಲ. ಸೂಪರ್ವೈಸರು ತುಂಬ ಒಳ್ಳೆಯವನ ದನಿಯಲ್ಲಿ ಹೇಳಿದ: "ನಿನ್ ಕೆಲ್ಸದ್ ಮೇಲೆ ಏನೂ ಇಲ್ಲಮ್ಮಾ. ಕೈಗುಣ ಅಂತ ಒಂದೈತಲ್ಲ, ಅದಕ್ಕೆ ಯಾರೇನ್ ಮಾಡಕ್ಕಾಗ್ತದೆ? ಸ್ವಲ್ಪ ದಿನ ವಾಷಿಂಗ್ ಸೆಕ್ಷನ್ನಾಗಿರು." ರಿಪೋರ್ಟಿನಲ್ಲಿ ಕೈಗುಣ ಎಂದು ಬರೆಯಲಾಗುವುದಿಲ್ಲವಲ್ಲ, ಕಾರಣದ ಜಾಗದಲ್ಲಿ ಇಂಗ್ಲಿಷಿನಲ್ಲಿ 'ಪೇರಿಸುವಾಗಿನ ದೋಷ, ಆಪರೇಟರ್ ಹದಿನೇಳು' ಎಂದು ಬರೆದರು. ಆ ಕಾಗದ ಎಲ್ಲಿಗೆ ಹೋಗುತ್ತದೆ, ಎಷ್ಟು ವರ್ಷ ಇರುತ್ತದೆ ಎಂದು ಡಿಸೈನ್ ಸಾರನ್ನು ಕೇಳಿದೆ. ವಿಮಾನ ಹಾರುವಷ್ಟು ಕಾಲ, ಅದರ ಆಚೆಗೂ ಇರುತ್ತದೆ ಎಂದರು. ಗಂಡನನ್ನು ಬಿಟ್ಟವಳು ಎಂಬ ಮಾತು ನನ್ನ ಜೊತೆಗೇ ಮಣ್ಣಾಗುತ್ತದೆ, ಈ ಕಾಗದ ಆಗುವುದಿಲ್ಲ ಎಂದು ಅವತ್ತು ಬಸ್ಸಿನಲ್ಲಿ ಕುಳಿತು ಲೆಕ್ಕ ಹಾಕಿದೆ. ಬಸ್ಸು ತಳಿ ಊರನ್ನು ದಾಟುವವರೆಗೆ ಅತ್ತೆ. ಆಮೇಲೆ ಸಿಟ್ಟು ಬಂತು, ಅಳು ನಿಂತಿತು.

ವಾಷಿಂಗ್ ಸೆಕ್ಷನ್ನಿನಲ್ಲಿ ಹಾಳೆಗಳನ್ನು ತೊಳೆಯುವುದು, ಒಣಗಿಸುವುದು. ಕೀಳು ಕೆಲಸವಲ್ಲ. ಆದರೆ ನಾನು ತೊಳೆದ ಹಾಳೆಯನ್ನು ಬೇರೆಯವರು ಆ ಮೂಲೆಯಲ್ಲಿ ಇಡುವುದನ್ನು ಗಾಜಿನ ಮೂಲಕ ನೋಡುವುದಿದೆಯಲ್ಲ, ಮೈ ಪರಚಿಕೊಳ್ಳುವಂತಾಗುತ್ತಿತ್ತು. ನಾನು ಎಲ್ಲಿ ತಪ್ಪಿದೆ ಎಂದು ಒಂದೊಂದು ಪದರವನ್ನೂ ಮನಸ್ಸಿನಲ್ಲೇ ಬಿಚ್ಚಿ ಮತ್ತೆ ಇಟ್ಟೆ. ತಪ್ಪು ಸಿಗಲಿಲ್ಲ.

ಸಿಕ್ಕಿದ್ದು ಒಂದು ಶುಕ್ರವಾರ ಬೆಳಿಗ್ಗೆ, ನಮ್ಮ ಮನೆಯ ಬಾಗಿಲಲ್ಲಿ. ಅಮ್ಮ ಹೊಸ್ತಿಲು ತೊಳೆದು ಹೊಸದಾಗಿ ಅರಿಶಿನ ಬಳಿಯಲು ಕುಳಿತಿದ್ದಳು. ಹೋದ ವಾರದ ಅರಿಶಿನ ಮರದ ಮೇಲೆ ಎಲ್ಲಿಯೂ ಇರಲಿಲ್ಲ, ಕಾಲು ತಾಗಿ ಸವೆದು ಹೋಗಿತ್ತು. ಹೊಸ್ತಿಲ ನಡುವಿನ ಬಿರುಕಿನಲ್ಲಿ ಮಾತ್ರ ಹಳದಿ ಹಾಗೇ ಇತ್ತು. ಕಡ್ಡಿ ಹಾಕಿ ಕೆರೆದೆ. ಆಳಕ್ಕೆ ಇಳಿದಿತ್ತು.

"ಏನಮ್ಮಿ ಮಾಡ್ತಿದೀಯ, ಬಸ್ಸು ಬಂದ್ಬುಡ್ತದೆ!" ಎಂದಳು ಅಮ್ಮ.

"ಅಮ್ಮ, ನೀನು ಮೇಲೆ ತಾನೇ ಬಳ್ದಿದ್ದು? ಇದು ಒಳಕ್ಕೆ ಹೆಂಗೋಯ್ತು?"

"ನೀರ್ನಾಗೆ ಕಲ್ಸಿದ್ದು ಕಣಮ್ಮಿ, ಸಂದು ಕಂಡ್ರೆ ನೀರು ಬುಡ್ತದಾ? ಎಳ್ಕಂತದೆ."

ಹೌದಲ್ಲ! ಫರ್ನೇಸಿಗೆ ಹೋಗುವ ಮೊದಲು ನಮ್ಮ ಡಬ್ಬ ಬರೀ ಸಂದುಗಳ ಗಂಟು. ಒರೆಸಿದ್ದು ಮೇಲಿನದನ್ನು. ಅರಿಶಿನದ ನೀರು ಅಷ್ಟರೊಳಗೆ ಪಟ್ಟಿಯ ಪಕ್ಕದಿಂದ ಒಳಗೆ ಇಳಿದು ಕುಳಿತಿತ್ತು. ಬೆರಳ ಜಿಡ್ಡಿಗೇ ಬೆಸುಗೆ ಹಿಡಿಯದ ಕಡೆ ಅರಿಶಿನ ಸುಟ್ಟು ಕರಿಯಾದರೆ ಹಿಡಿಯುತ್ತದೆಯೇ?

ಅವತ್ತೇ ಸೂಪರ್ವೈಸರಿಗೆ ಹೇಳಿದೆ. ಎರಡನೆಯ ಡಬ್ಬ ತಯಾರಾಗಿತ್ತು, ಮೊದಲನೆಯದು ಕೆಟ್ಟಿದ್ದರಿಂದ ಪೂಜೆ ಇನ್ನೂ ಜೋರಾಗಿ ನಡೆಯಬೇಕಿತ್ತು.

"ದೊಡ್ಡಮ್ಮೋರ್ಗೆ ನಿಮ್ಮ ಕುಂಕುಮದಿಂದ ಕೆಟ್ಟೋಯ್ತು ಅಂತ ಹೇಳೋ ಗಂಡು ಯಾವನೈತೆ ಇಲ್ಲಿ?" ಎಂದ.

"ಗಂಡು ಇಲ್ದಿದ್ರೆ ನಾನು ಹೇಳ್ತೀನಿ ಬುಡಿ" ಎಂದೆ. ನನ್ನನ್ನು ಒಳಗೆ ಬಿಡಲಿಲ್ಲ. ಈ ಸಲ ಅರಿಶಿನ ಅಂಗೈಯಗಲ ಬಳಿದರು, ಅದೇ ಮೂಲೆಗೆ.

ಎರಡನೆಯ ಡಬ್ಬವೂ ಸೋರಿತು. ಅದೇ ಜಾಗ, ಗುಳ್ಳೆ ಮೊದಲಿಗಿಂತ ಹೆಚ್ಚು. ಈ ಸಲ ದಾಖಲೆಯಲ್ಲಿ ಹದಿನೇಳು ಇರಲಿಲ್ಲ. ನಾನು ಆ ಮೇಜಿನ ಹತ್ತಿರವೂ ಸುಳಿದಿರಲಿಲ್ಲ. ತೊಟ್ಟಿಯ ಸುತ್ತ ನಿಂತವರು ಈ ಸಲ ಯಾರ ಮುಖ ನೋಡುವುದು ಎಂದು ತಿಳಿಯದೆ ನೀರನ್ನೇ ನೋಡುತ್ತಿದ್ದರು. ಸಂಕಟವೂ ಆಯಿತು, ಖುಷಿಯೂ ಆಯಿತು. ಖುಷಿ ಆಗಲಿಲ್ಲ ಎಂದು ಸುಳ್ಳು ಹೇಳುವುದಿಲ್ಲ.

ಕೈ ಒರೆಸಿಕೊಂಡು ನೇರವಾಗಿ ಯಜಮಾನರ ಕೋಣೆಗೆ ಹೋದೆ. ಡಿಸೈನ್ ಸಾರ್ ಅಲ್ಲೇ ಇದ್ದರು. ದೊಡ್ಡಮ್ಮೋರು ಸೋಫಾದ ಮೇಲೆ ಕುಳಿತಿದ್ದರು.

"ಸಾರ್, ಆ ಎರಡೂ ಡಬ್ಬ ಹೆಂಗೂ ರಿಜೆಕ್ಟು. ಒಂದನ್ನ ಕುಯ್ಸಿ ನೋಡಿ. ನಾನಿಟ್ಟಿದ್ದನ್ನೇ ಕುಯ್ಸಿ. ಪದರ ಸರ್ದಿದ್ರೆ ನಾಳೆಯಿಂದ ನಾನು ಬರಲ್ಲ. ಸರ್ದಿಲ್ಲ ಅಂದ್ರೆ ನೀವು ನನ್ ಮಾತು ಕೇಳ್ಬೇಕು."

ಯಜಮಾನರು ಸಾರ್ ಕಡೆ ನೋಡಿದರು. "ಕುಯ್ಸೋಣ, ಅವಳು ಕೇಳ್ತಿರೋದು ಸರಿ" ಎಂದರು ಸಾರ್. ಗರಗಸದ ಮೆಷಿನ್ನಿನ ಸುತ್ತ ಇಡೀ ಶಿಫ್ಟು ಸೇರಿತು, ದೊಡ್ಡಮ್ಮೋರೂ ಬಂದರು. ಮೂಲೆ ತುಂಡಾಗಿ ಬಿತ್ತು. ಸಾರ್ ಕನ್ನಡಕ ಮೇಲೇರಿಸಿ, ಭೂತಗನ್ನಡಿ ಹಿಡಿದು ತುಂಬ ಹೊತ್ತು ನೋಡಿದರು. ಪದರಗಳು ಒಂದರ ಮೇಲೊಂದು ನೆಟ್ಟಗೆ ಕುಳಿತಿದ್ದವು. ಪಟ್ಟಿಯ ಪಕ್ಕದಲ್ಲಿ, ಹೊರಗಿನಿಂದ ಒಳಗಿನವರೆಗೆ, ತೆಳ್ಳನೆಯ ಒಂದು ಕಪ್ಪು ಗೆರೆ. ಅಲ್ಲಿ ಬೆಸುಗೆ ಹಿಡಿದಿರಲೇ ಇಲ್ಲ. ಭೂತಗನ್ನಡಿಯನ್ನು ಅವರು ಯಾರಿಗೂ ಕೊಡದೆ ಮೊದಲು ನನಗೆ ಕೊಟ್ಟರು.

ನಾನು ಹೊಸ್ತಿಲಿನ ಕಥೆ ಹೇಳಿದೆ. ಹೇಳುತ್ತ ಹೋದಂತೆ ದೊಡ್ಡಮ್ಮೋರ ಮುಖ ಸಣ್ಣಗಾಯಿತು. ತಮ್ಮ ಕೈಯನ್ನೇ ತಿರುಗಿಸಿ ನೋಡಿಕೊಂಡರು.

"ಹಂಗಾರೆ ನನ್ ಕೈಗುಣವೇನವ್ವಾ ಇದು?"

ಒಂದು ಗಳಿಗೆ ಹೌದು ಅನ್ನಬೇಕೆನಿಸಿತು. ನಾಲಗೆಯ ತುದಿಗೇ ಬಂದಿತ್ತು. ನನ್ನ ತಲೆಗೆ ಕಟ್ಟಿದ್ದನ್ನು ಅವರ ತಲೆಗೆ ಕಟ್ಟಲು ಅಷ್ಟು ಜನರ ಎದುರು ಇಂಥ ಸಂದರ್ಭ ಇನ್ನೊಮ್ಮೆ ಸಿಗುವುದಿಲ್ಲ. ಆದರೆ ಹೌದು ಅಂದರೆ ನಾನು ಕೈಗುಣವನ್ನು ಒಪ್ಪಿದ ಹಾಗೆ. ಇವತ್ತು ಅವರ ಕೈ, ನಾಳೆ ಮತ್ತೆ ನನ್ನದು.

"ಅಲ್ಲ ದೊಡ್ಡಮ್ಮೋರೆ. ನಿಮ್ ಕೈಗೇನಾಗೈತೆ, ಚೆನ್ನಾಗೇ ಐತೆ. ಅದು ಅರಿಶಿನದ ನೀರು, ಅಷ್ಟೇ."

ಯಜಮಾನರು ದೊಡ್ಡದಾಗಿ ಉಸಿರು ಬಿಟ್ಟು, ನಾಳೆಯಿಂದ ನಿನ್ನ ಮೇಜಿಗೆ ನೀನು ಹೋಗು ಎಂದರು. ಅಲ್ಲಿಗೆ ಮುಗಿಯಿತು ಎಂದು ಅವರ ಎಣಿಕೆ.

"ರಿಪೋರ್ಟು?" ಎಂದೆ.

"ತಿದ್ದಿಸ್ತೀನಿ. ಹೊರಗಿನ ಪದಾರ್ಥ ಸೇರಿದೆ ಅಂತ ಬರೆದ್ರಾಯ್ತು."

"ಯಾವ ಪದಾರ್ಥ ಅಂತ ಬರೀರಿ ಸಾರ್. ಪೂಜೇಲಿ ಇಟ್ಟ ಅರಿಶಿನ ಕುಂಕುಮ ಅಂತ."

ಯಜಮಾನರು ಸುತ್ತ ನೋಡಿದರು. "ಅದು ಡಿಫೆನ್ಸಿಗೆ ಹೋಗೋ ಕಾಗದ ಕಣಮ್ಮಾ. ಓದಿದೋರು ನಗಲ್ವಾ? ನನ್ ಮಾನ ಏನಾಗ್ಬೇಕು?"

"ಹದಿನೇಳು ಅಂತ ಬರೆಯೋವಾಗ ನನ್ ಮಾನ ಯಾರೂ ಕೇಳ್ಲಿಲ್ವಲ್ಲ ಸಾರ್."

ಪದಾರ್ಥದ ಹೆಸರು ಬರೆಯದೆ ಹೋದರೆ ನಾಳೆ ಇನ್ನೊಂದು ಹೊಸ ಆರ್ಡರಿಗೆ ಇನ್ನೊಂದು ತಟ್ಟೆ ಬರುತ್ತದೆ, ಸೋರಿದಾಗ ಇನ್ನೊಬ್ಬಳ ನಂಬರಿನ ಮೇಲೆ ಗೂಬೆ ಕೂರಿಸುತ್ತಾರೆ ಎಂದೆ. ಬರೆಯುವವರೆಗೆ ಒಂದು ಪದರವನ್ನೂ ಮುಟ್ಟುವುದಿಲ್ಲ ಎಂದೂ ಹೇಳಿದೆ. ಹೇಳಿ, ಗಾಜಿನ ಕೋಣೆಯ ಹೊರಗೆ ಒಂದು ಸ್ಟೂಲು ಹಾಕಿಕೊಂಡು ಕುಳಿತೆ. ಮರುದಿನವೂ ಅಲ್ಲೇ ಕುಳಿತೆ. ಓರೆ ಮೂಲೆ ಇಡಲು ಬೇರೆಯವರು ಎರಡು ಸಲ ನೋಡಿದರು, ಈಗ ಭೂತಗನ್ನಡಿ ಹಿಡಿದೇ ನಿಂತಿದ್ದ ಡಿಸೈನ್ ಸಾರ್ ಎರಡು ಸಲವೂ ಸಂದು ಉಳಿದಿದೆ ಎಂದು ತೆಗೆಸಿದರು. ಸೂಪರ್ವೈಸರು ಬಂದು ಹಟ ಒಳ್ಳೆಯದಲ್ಲ ಎಂದ. ಹಟ ಇಲ್ಲದಿದ್ದರೆ ನಾನು ಇವತ್ತಿಗೂ ಮಾವಿನ ಮಂಡಿಯವರ ಮನೆಯಲ್ಲಿರುತ್ತಿದ್ದೆ ಎಂದೆ, ಎದ್ದು ಹೋದ.

ಎರಡನೆಯ ದಿನ ಸಂಜೆ ದೊಡ್ಡಮ್ಮೋರೇ ಬಂದರು, ಮಗನನ್ನು ಹಿಂದಿಟ್ಟುಕೊಂಡು. ನನ್ನನ್ನು ನೋಡಲಿಲ್ಲ, ಮಗನಿಗೇ ಹೇಳಿದರು: "ಬರ್ದಾಕ್ಲಾ. ನಾನೇ ಇಟ್ಟಿದ್ದು ಅಂತ ಬರಿ. ನಗೋರು ನಗ್ಲಿ. ಇಟ್ಟೋಳಿಗೇ ಇಲ್ದಿರೋ ನಾಚ್ಕೆ ನಿಂಗ್ಯಾಕ್ಲಾ?"

ಬರೆದರು. ಕಾಗದವನ್ನು ನನ್ನ ಕೈಗೆ ಕೊಟ್ಟರು. ನನ್ನ ಇಂಗ್ಲಿಷು ಎದ್ದುಬಿದ್ದು ಓದುವ ಇಂಗ್ಲಿಷು. ಮೊದಲು ಹದಿನೇಳು ಎಲ್ಲಿಯೂ ಇಲ್ಲ ಎಂದು ನೋಡಿಕೊಂಡೆ. ಆಮೇಲೆ ಕಾರಣದ ಜಾಗಕ್ಕೆ ಬಂದು ಬೆರಳಿಟ್ಟುಕೊಂಡು ಒಂದೊಂದೇ ಅಕ್ಷರ ಕೂಡಿಸಿದೆ. ಕುಂಕುಮ್ ಎಂದಿತ್ತು.

ಮೂರನೆಯ ಡಬ್ಬವನ್ನು ಮರುದಿನ ಮೊದಲಿನಿಂದ ಶುರು ಮಾಡಿದೆವು. ಅದು ಫರ್ನೇಸಿಗೆ ಹೋಗುವ ಹೊತ್ತಿಗೆ ದೊಡ್ಡಮ್ಮೋರು ತಟ್ಟೆ ಹಿಡಿದು ಬಂದಿದ್ದರು. ಗಾಜಿನ ಕೋಣೆಯ ಬಾಗಿಲ ಹತ್ತಿರ ನಿಂತು, "ಇದ್ನ ಎಲ್ಲಿಡ್ಲವ್ವಾ?" ಎಂದು ನನ್ನನ್ನೇ ಕೇಳಿದರು. ಬಾಗಿಲ ಹೊರಗೆ ಎಲ್ಲಿ ಬೇಕಾದರೂ ಇಡಿ ಎಂದೆ. ಅವರು ಹೊರಗಿನ ಗೋಡೆಗೆ ಇಟ್ಟು, ಗಾಜಿನ ಆಚೆ ನಿಂತುಕೊಂಡರು. ಹಿಂದೆ ನನ್ನನ್ನು ನಿಲ್ಲಿಸಿದ್ದ ಜಾಗವೇ. ನಾನು ಟ್ರಾಲಿಯ ಪಕ್ಕದಲ್ಲಿದ್ದೆ. ಪಾಪ ಅನಿಸಿತು, ಆದರೂ ಒಳಗೆ ಕರೆಯಲಿಲ್ಲ. ಗೌನಿಲ್ಲದವರು ಒಳಗೆ ಬರುವಂತಿಲ್ಲ, ಅದು ಎಲ್ಲರಿಗೂ ಒಂದೇ.

ಡಬ್ಬ ತೊಟ್ಟಿಗೆ ಇಳಿಯಿತು. ಗಡಿಯಾರದಲ್ಲಿ ಬೇಕಾದಷ್ಟು ಹೊತ್ತು ಕಳೆಯಿತು. ಸಾರ್ ಇನ್ನೂ ಅಷ್ಟು ಹೊತ್ತು ಇಡಿಸಿದರು. ಓರೆ ಮೂಲೆಯ ಮೇಲೆ ನೀರು ಕದಲಲಿಲ್ಲ. ಒಂದು ಗುಳ್ಳೆಯೂ ಇಲ್ಲ.

ಎಲ್ಲರಿಗಿಂತ ಮೊದಲು ಚಪ್ಪಾಳೆ ಹೊಡೆದವನು ಸೂಪರ್ವೈಸರು. ನನ್ನ ಕಡೆ ತಿರುಗಿ, ಬಾಯಿ ತುಂಬ ನಗುತ್ತ, "ಏನಮ್ಮಾ, ನಿನ್ ಕೈಗುಣ ಭಾರೀ ಚೆನ್ನಾಗೈತೆ!" ಎಂದ.

ನಾನು ಗ್ಲೌಸು ಬಿಚ್ಚಿ ಅವನ ಮುಂದೆ ಮೇಜಿನ ಮೇಲಿಟ್ಟೆ.

"ಕೈಗುಣ ಅನ್ಬೇಡಿ ಸಾರ್. ಕೆಲ್ಸ ಅನ್ನಿ."